ಉಣ್ಣೆ ಕೋಟು ಹೊತ್ತುಕೊಂಡು ಕಲಬುರ್ಗಿಗೆ

ಹೊಸ ಸೀಮೆಗೆ ಹೋಗಿ ಅಂಗಡಿ ಇಟ್ಟವನನ್ನು ನೋಡಿ ಊರವರು ಮೊದಲು ಒಂದೆರಡು ವರ್ಷ ನಗುತ್ತಾರೆ. ಆಮೇಲೆ ಅವನೂ ಅವರ ಜೊತೆ ಸೇರಿಕೊಂಡು ತನ್ನನ್ನು ನೋಡಿ ತಾನೇ ನಗುತ್ತಾನೆ. ನನಗೆ ಆದದ್ದೂ ಇಷ್ಟೇ. ಆದರೆ ಅದು ಒಂದು ಸಲಕ್ಕೆ ಮುಗಿಯಲಿಲ್ಲ, ನಾನು ಬಾಯಿ ಬಿಟ್ಟಾಗೆಲ್ಲ ಆಗುತ್ತಲೇ ಹೋಯಿತು.

ನಾನು ಬೆಂಗಳೂರು ದಂಡಿನ ದರ್ಜಿ. ಉಣ್ಣೆ ಕೋಟು ಹೊಲಿಯುವುದರಲ್ಲಿ ಒಂದಿಷ್ಟು ಹೆಸರು ಮಾಡಿದ್ದೆ. ನನ್ನ ಹೆಂಡತಿಗೆ ಉಬ್ಬಸ. ಚಳಿ ಶುರುವಾಯಿತೆಂದರೆ ಮಲಗುವಂತಿಲ್ಲ. ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ಬೆಳಗು ಮಾಡಬೇಕು. ಒಂದು ವರ್ಷವಂತೂ ಎರಡು ಸಲ ಇನ್ನು ಉಳಿಯುವುದಿಲ್ಲ ಎಂದುಕೊಂಡುಬಿಟ್ಟೆವು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇಲ್ಲಿಯ ತಂಡಿ ಆಕೆಗೆ ಆಗದು. ಒಣ ಹವೆ, ಒಳ್ಳೆಯ ಬಿಸಿಲು ಇರುವ ಕಡೆ ಕರೆದುಕೊಂಡು ಹೋಗು. ಇನ್ನೊಂದು ಚಳಿಗಾಲ ಇಲ್ಲೇ ಇಟ್ಟುಕೊಂಡರೆ ನಾನು ಏನೂ ಹೇಳಲಾರೆ," ಅಂದರು.

ಬಿಸಿಲು ಎಲ್ಲಿದೆ ಎಂದು ನನಗೇನು ಗೊತ್ತು? ರೈಲಿನಲ್ಲಿ ಗಾರ್ಡ್ ಆಗಿದ್ದ ಒಬ್ಬ ಗಿರಾಕಿಯನ್ನು ಕೇಳಿದೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. "ಕಲಬುರ್ಗಿಗೆ ಹೋಗಿ. ಅಲ್ಲಿ ನೆಗಡಿ ಕೂಡ ಒಣಗಿ ಉದುರಿ ಹೋಗುತ್ತೆ."

ಕಲಬುರ್ಗಿ ಆಗ ನಿಜಾಮರದ್ದು. ನಮ್ಮ ಕಡೆಯವರು ಅದನ್ನು ಮೊಗಲಾಯಿ ಎನ್ನುತ್ತಿದ್ದರು, ಸಮುದ್ರ ದಾಟಿ ಹೋಗುವ ದೇಶವೇನೋ ಎಂಬಂತೆ. ಅಲ್ಲಿ ನಾಣ್ಯ ಬೇರೆ, ಅಂಚೆ ಚೀಟಿ ಬೇರೆ, ಕಚೇರಿಯ ಭಾಷೆ ಬೇರೆ. ನನಗೆ ಅಲ್ಲಿ ಒಬ್ಬ ಪರಿಚಯದವನೂ ಇರಲಿಲ್ಲ. ಹೊಲಿಗೆ ಮಿಷಿನ್ನು, ಹೆಂಡತಿ, ಒಂದು ಪೆಟ್ಟಿಗೆ, ಇಷ್ಟನ್ನು ಕಟ್ಟಿಕೊಂಡು ಹೊರಟೆ.

ಸುಂಕದ ಜಮಾದಾರರು

ಬೇರೆ ರಾಜ್ಯದಿಂದ ಬಂದ ಸಾಮಾನಿಗೆಲ್ಲ ಸ್ಟೇಶನ್ನಿನಲ್ಲೇ ಸುಂಕದ ತಪಾಸಣೆ. ಬಿಳಿ ಗಡ್ಡದ ಜಮಾದಾರರೊಬ್ಬರು ನಮ್ಮ ಪೆಟ್ಟಿಗೆಯ ಮುಂದೆ ಕೂತರು. ಫಾಲ್ಗುಣ ಮಾಸ, ಬೆಳಗಿನ ಒಂಬತ್ತು ಗಂಟೆ. ಆಗಲೇ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಏನದ ಇದರಾಗ?"

"ಬಟ್ಟೆ ಸ್ವಾಮಿ."

"ಕೌನ್ಸಾ ಬಟ್ಟಿ?"

ಪೆಟ್ಟಿಗೆ ತೆರೆದೆ. ದಪ್ಪ ಉಣ್ಣೆಯ ಎರಡು ಥಾನು, ಹೊಲಿದು ಮುಗಿಸಿದ ನಾಲ್ಕು ಕೋಟು. ಜಮಾದಾರರು ಉಣ್ಣೆಯನ್ನು ಮುಟ್ಟಿ ನೋಡಿದರು. ಕೆಂಡ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

"ಇದನ್ನ ಎಲ್ಲಿಗಿ ಒಯ್ಲಾಕತ್ತೀರಿ?"

"ಇಲ್ಲಿಗೇ ಸ್ವಾಮಿ. ಮಾರುವುದಕ್ಕೆ."

"ಇಲ್ಲಿ? ಕಲಬುರ್ಗ್ಯಾಗ?"

ಅವರು ನನ್ನ ಮುಖ ನೋಡಿದರು, ಕೋಟು ನೋಡಿದರು, ಕಿಟಕಿಯಾಚೆಯ ಬಿಸಿಲನ್ನು ನೋಡಿದರು. ಒಳಗಿನ ಕೋಣೆಗೆ ಹೋಗಿ ಇಬ್ಬರು ಗುಮಾಸ್ತರನ್ನು ಕರೆದುಕೊಂಡು ಬಂದರು. ಅವರು ಹೋಗಿ ಇನ್ನೊಬ್ಬರನ್ನು ಕರೆತಂದರು. ಐದು ಜನ ಪೆಟ್ಟಿಗೆಯ ಸುತ್ತ ನಿಂತು ಬಗ್ಗಿ ನೋಡಿದರು. ಯಾರೂ ಜೋರಾಗಿ ನಗಲಿಲ್ಲ, ಅದು ಅವರ ದೊಡ್ಡತನ. ಭುಜಗಳು ಮಾತ್ರ ಅಲುಗಾಡುತ್ತಿದ್ದವು. ಜಮಾದಾರರು ಹೆಂಡತಿಯ ಏದುಸಿರನ್ನು ಕೇಳಿಸಿಕೊಂಡು ವಿಷಯವೇನೆಂದು ವಿಚಾರಿಸಿದರು. ಹೇಳಿದೆ. ಆಕೆಗೆ ಕೂರಲು ತಮ್ಮ ಸ್ಟೂಲು ಕೊಟ್ಟರು, ಮಣ್ಣಿನ ಗಡಿಗೆಯಿಂದ ನೀರು ತರಿಸಿ ಕೊಟ್ಟರು.

"ಸುಂಕ ಎಷ್ಟಾಯಿತು ಸ್ವಾಮಿ?" ಎಂದು ಕೇಳಿದೆ.

ಅವರು ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಮುಚ್ಚಿದರು. "ಸುಂಕ ಮಾರೋ ಮಾಲಿಗ್ರೀ. ಇದಕ್ಕ ಇಲ್ಲ. ಮಾಫ್."

ಊರಿಗೆ ಊರೇ ಹೋದದ್ದು

ಸ್ಟೇಶನ್ ಬಜಾರಿನಲ್ಲಿ ಒಂದು ಸಣ್ಣ ಅಂಗಡಿ ಸಿಕ್ಕಿತು. ಎರಡು ತಿಂಗಳು ಹಾಗೂ ಹೀಗೂ ಕಳೆದು ವೈಶಾಖ ಬಂತು. ಒಂದು ದಿನ ಮನೆಯಲ್ಲಿ ಊಟ ಮಾಡಿ ಅಂಗಡಿಗೆ ಬಂದು ನೋಡುತ್ತೇನೆ, ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಎಲ್ಲ ಅಂಗಡಿಗಳ ಹಲಗೆ ಹಾಕಿದೆ. ನಾಯಿ ಕೂಡ ಇಲ್ಲ.

ಬೆಂಗಳೂರಿನಲ್ಲಿ ಹಾಡುಹಗಲೇ ಅಂಗಡಿಗಳೆಲ್ಲ ಮುಚ್ಚಿದರೆ ಯಾರೋ ದೊಡ್ಡವರು ತೀರಿಕೊಂಡಿದ್ದಾರೆ ಎಂದೇ ಅರ್ಥ. ಹೊಸಬ ನಾನು, ಊರಿನ ದುಃಖದಲ್ಲಿ ಭಾಗಿಯಾಗದಿದ್ದರೆ ನಾಳೆ ಯಾರು ಮಾತಾಡಿಸುತ್ತಾರೆ? ಅಂಗಡಿ ಮುಚ್ಚಿದೆ. ಟೋಪಿ ತೆಗೆದೆ. ಸಾವಿನ ಮನೆಗೆ ಹೋಗುವವನಿಗೆ ಚಪ್ಪಲಿ ಯಾಕೆಂದು ಅದನ್ನೂ ಅಲ್ಲೇ ಬಿಟ್ಟು ಹೊರಟೆ.

ಇಪ್ಪತ್ತು ಹೆಜ್ಜೆ ಇಟ್ಟಿರಬೇಕು. ಆಮೇಲೆ ಇಟ್ಟದ್ದು ಹೆಜ್ಜೆಗಳಲ್ಲ, ನೆಗೆತಗಳು. ಕುಣಿಯುತ್ತ ಕುಣಿಯುತ್ತ ಬೇವಿನ ಮರದ ನೆರಳು ಸೇರಿಕೊಂಡೆ. ಅಲ್ಲಿ ಟಾಂಗಾದವನೊಬ್ಬ ತನ್ನ ಟಾಂಗಾದ ಕೆಳಗೆ ಮುಖದ ಮೇಲೆ ಒದ್ದೆ ಟವೆಲು ಹಾಕಿಕೊಂಡು ಮಲಗಿದ್ದ.

"ಅಣ್ಣಾ, ಯಾರು ಹೋದರು?" ಎಂದು ದುಃಖದ ದನಿಯಲ್ಲಿ ಕೇಳಿದೆ.

ಟವೆಲಿನ ಒಳಗಿನಿಂದಲೇ ಉತ್ತರ ಬಂತು. "ಎಲ್ಲಾರೂ ಹೋಗ್ಯಾರ."

"ಎಲ್ಲರೂ? ಹೇಗೆ ಹೋದರು?"

"ಬಿಸಿಲಿಗ್ರೀ."

"ಯಾವಾಗ?"

"ಊಟ ಆದ ಮ್ಯಾಗ. ದಿನಾ ಹೋಗ್ತಾರ. ನಾಕು ಗಂಟೆಕ್ಕ ಹೊಳ್ಳಿ ಎದ್ದು ಬರ್ತಾರ."

ಆಗ ನನಗೆ ಅರ್ಥವಾಯಿತು. ಅವನು ಟವೆಲು ಸರಿಸಿ, ಒಂದು ಕಾಲು ಎತ್ತಿಕೊಂಡು ಕೊಕ್ಕರೆಯಂತೆ ನಿಂತಿದ್ದ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಆ ಒದ್ದೆ ಟವೆಲನ್ನೇ ಹರಿದು ಅರ್ಧ ನನಗೆ ಕೊಟ್ಟ, ತಲೆಗೆ ಸುತ್ತಿಕೊಳ್ಳಲು. ಪುಣ್ಯಾತ್ಮ.

ಮನೆಗೆ ಹೋಗಿ ನೋಡಿದರೆ ನನ್ನ ಹೆಂಡತಿಯೂ ಊರಿನವರ ಜೊತೆ ಹೋಗಿದ್ದಳು. ತಣ್ಣನೆಯ ಶಹಾಬಾದಿ ಕಲ್ಲಿನ ನೆಲದ ಮೇಲೆ, ದಿಂಬು ಕೂಡ ಇಲ್ಲದೆ, ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಆಕೆ ಹಾಗೆ ಬೆನ್ನು ಚಾಚಿ ಮಲಗಿದ್ದನ್ನು ನಾನು ನೋಡಿ ಆರು ವರ್ಷವಾಗಿತ್ತು. ಬಾಗಿಲಲ್ಲೇ ಕೂತು ಬಹಳ ಹೊತ್ತು ಆ ಗೊರಕೆ ಕೇಳಿದೆ.

ಟಾಂಗಾದವನು ಹೇಳಿದ ಕಡೆಯ ಮಾತು ಮಾತ್ರ ಹೇಳುವುದು ಬಿಟ್ಟುಹೋಯಿತು. ನಾನು ಹೊರಟಾಗ ಕೂಗಿ ಹೇಳಿದ್ದ: "ಅಣ್ಣಾರ, ನಾಳಿಂದ ನೀವೂ ಹೋಗೋರಿದ್ರ ಚಪ್ಪಲಿ ಹಾಕ್ಕೊಂಡು ಹೋಗ್ರೀ!"

ಹೊಡೆತದ ಸದ್ದು

ನಮ್ಮ ಮನೆಯ ಯಜಮಾನಿ ವಯಸ್ಸಾದ ಹೆಂಗಸು, ಪಕ್ಕದಲ್ಲೇ ವಾಸ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಬಂದ ದಿನದಿಂದ ನಮಗೆ ಆಕೆಯ ಮನೆಯ ರೊಟ್ಟಿಯೇ ಆಧಾರ. ಜೋಳದ ರೊಟ್ಟಿ ಬಡಿಯುವುದನ್ನು ಕಲಿತೇ ತೀರುತ್ತೇನೆ ಎಂದು ನನ್ನ ಹೆಂಡತಿ ಹಟ ಹಿಡಿದಳು.

ಅಲ್ಲಿಯ ಹೆಂಗಸರ ಕೈಯಲ್ಲಿ ರೊಟ್ಟಿ ಬಡಿಯುವ ಸದ್ದು ತಾಳ ಹಾಕಿದ ಹಾಗೆ ಕೇಳುತ್ತದೆ. ನನ್ನವಳದು ಹಾಗಲ್ಲ. ಒಂದು ಬಡಿತ, ಒಂದು ನಿಟ್ಟುಸಿರು, ಆಮೇಲೆ ಸಿಟ್ಟಿನಿಂದ ಪಟಪಟ ನಾಲ್ಕು, ಕಡೆಗೆ "ಅಯ್ಯೋ, ಹರಿದೇ ಹೋಯ್ತಲ್ಲ!" ಎಂಬ ಕೂಗು. ಮೊದಲ ದಿನ ನಾನು ಪಕ್ಕದಲ್ಲೇ ಕೂತು, "ಇನ್ನೂ ಸ್ವಲ್ಪ ಜೋರಾಗಿ! ಅಂಚಿಗೆ ಹೊಡಿ!" ಎಂದು ಹುರಿದುಂಬಿಸುತ್ತಿದ್ದೆ.

ಬಾಗಿಲು ದಡದಡ ಬಡಿದ ಸದ್ದಾಯಿತು. ತೆರೆದರೆ ಯಜಮಾನಿ ಕೈಯಲ್ಲಿ ಒನಕೆ ಹಿಡಿದು ನಿಂತಿದ್ದಳು. ಹಿಂದೆ ಓಣಿಯ ನಾಲ್ಕು ಹೆಂಗಸರು.

"ಏ ತಮ್ಮಾ! ಬ್ಯಾನಿ ಇದ್ದ ಹೆಣಮಗಳ ಮ್ಯಾಲ ಕೈ ಮಾಡ್ತೀಯೇನು?"

ಒಳಗಿನಿಂದ ಹೆಂಡತಿ, ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡು, ಏನೂ ತಿಳಿಯದೆ ಹೊರಗೆ ಬಂದಳು. "ಅವರಲ್ಲಮ್ಮ, ನಾನು ಹೊಡೀತಿರೋದು."

ಯಜಮಾನಿ ಒನಕೆ ಕೆಳಗಿಳಿಸಿದಳು. ನನ್ನನ್ನು ಒಮ್ಮೆ ನೋಡಿದಳು. ಹಿಂದಿದ್ದ ಹೆಂಗಸರ ಕಡೆ ತಿರುಗಿ, "ಹಂಗಾರ ನಡೀರಿ, ಏನೂ ಗಾಬರಿಯಿಲ್ಲ," ಅಂದಳು.

ತಿಂಡಿ

ಉಣ್ಣೆ ಕೋಟಿಗೆ ಕಡೆಗೂ ಒಬ್ಬರು ಗಿರಾಕಿ ಸಿಕ್ಕರು. ಕಚೇರಿಯ ಹಿರಿಯ ಗುಮಾಸ್ತರು. ಅವರಿಗೆ ಒಂದು ಫೋಟೋ ತೆಗೆಸಿಕೊಳ್ಳುವ ಆಸೆ, ಅದರಲ್ಲಿ ದೊಡ್ಡ ಸಾಹೇಬರ ಹಾಗೆ ಕಾಣುವ ಆಸೆ. ಒಂದು ಕೋಟನ್ನು ಒಂದು ದಿನದ ಮಟ್ಟಿಗೆ ಮನೆಗೆ ಒಯ್ದು, ಬರಿಮೈಗೆ ಹಾಕಿಕೊಂಡು ಅಳತೆ ನೋಡಿದರಂತೆ. ಮಾರನೆಯ ದಿನ ಬೆಳಿಗ್ಗೆ ಅದನ್ನು ತೋಳಿನ ಮೇಲೆ ಹಾಕಿಕೊಂಡು ಅಂಗಡಿಗೆ ಬಂದರು.

ಅಂಥ ದೊಡ್ಡವರು ಬಂದಾಗ ನಮ್ಮ ಕಡೆ ಕೇಳುವ ಹಾಗೆ ನಾನು ಕೇಳಿದೆ. "ಬನ್ನಿ ಸ್ವಾಮಿ, ತಿಂಡಿ ಆಯ್ತಾ?"

ಅವರು ಬೆಚ್ಚಿದರು. ಆಚೆ ಈಚೆ ನೋಡಿ, ದನಿ ತಗ್ಗಿಸಿ, "ನಿಮಗ ಹ್ಯಾಂಗ ಗೊತ್ತಾಯ್ತು?" ಅಂದರು.

"ಮುಖ ನೋಡಿದರೇ ತಿಳಿಯುತ್ತಲ್ಲ ಸ್ವಾಮಿ."

"ನಿನ್ನಿಯಿಂದ ಭಾಳ ಆಗ್ಯದ್ರೀ."

ಮನೆಯಲ್ಲಿ ಏನೋ ವಿಶೇಷವಿರಬೇಕು ಎಂದುಕೊಂಡೆ. "ಒಳ್ಳೆಯದಾಯ್ತು. ನಮ್ಮದೂ ಈಗ ತಾನೆ ಆಯ್ತು."

"ನಿಮಗೂ ಅದ?"

"ದಿನಾ ಬೆಳಿಗ್ಗೆ ಆಗಲೇಬೇಕು ಸ್ವಾಮಿ. ಇಲ್ಲದಿದ್ದರೆ ನನಗೆ ಕೆಲಸವೇ ಓಡುವುದಿಲ್ಲ."

"ಮನ್ಯಾಗ ಮತ್ತ್ಯಾರಿಗರ...?"

"ಇಬ್ಬರಿಗೂ. ಎಲ್ಲ ನನ್ನ ಹೆಂಡತಿಯ ಕೈಯಿಂದಲೇ. ಮೊನ್ನೆ ಮನೆ ಯಜಮಾನಿಗೂ ಕೊಟ್ಟೆವು. ಅವರಿಗೆ ಎಷ್ಟು ಹಿಡಿಸಿತೆಂದರೆ ಇನ್ನೊಂದು ಸಲ ಕೇಳಿ ಇಸಕೊಂಡರು."

"ಕೇಳಿ ಇಸ್ಕೊಂಡ್ರು?"

"ಹೌದು. ನಾಳೆ ನಿಮಗೂ ಸ್ವಲ್ಪ ತಂದು ಕೊಡಲಾ?"

ಗುಮಾಸ್ತರು ಕೋಟನ್ನು ನನ್ನ ಮೇಜಿನ ಮೇಲೆ ಎಸೆದರು. ಅಷ್ಟು ದಪ್ಪನೆಯ ಮನುಷ್ಯ ಅಷ್ಟು ಚುರುಕಾಗಿ ಮೆಟ್ಟಿಲು ಇಳಿಯಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಸುದ್ದಿ ನಮ್ಮ ಓಣಿಯನ್ನೂ ಮುಟ್ಟಿತ್ತು. ಯಜಮಾನಿ ಒಂದು ಬುಟ್ಟಿ ಬೇವಿನ ಸೊಪ್ಪು ಮುಂದಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಆಕೆಯಿಂದಲೇ ನನಗೆ ಗೊತ್ತಾದದ್ದು: ಆ ಸೀಮೆಯಲ್ಲಿ ಬೆಳಗಿನ ಫಲಾಹಾರಕ್ಕೆ ನಾಷ್ಟಾ ಎನ್ನುತ್ತಾರೆ. ತಿಂಡಿ ಅಂದರೆ ಮೈ ತುರಿಕೆ.

ಗುಮಾಸ್ತರು ಒಳ್ಳೆಯವರು. ವಿಷಯ ತಿಳಿದ ಮೇಲೆ ತಾವೇ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕು, "ಉಣ್ಣಿ ಬಿಡ್ರಿ. ಇಲ್ಲಿ ಮಲಮಲ ಹೊಲೀರಿ, ಊರೇ ನಿಮ್ಮ ಅಂಗಡಿಗಿ ಬರ್ತದ," ಎಂದು ಹೇಳಿ ಮೊದಲ ನಾಲ್ಕು ತೆಳ್ಳನೆಯ ಅಂಗಿಗಳ ಬಟ್ಟೆ ಕೊಟ್ಟು ಹೋದರು. ನನ್ನ ಅಂಗಡಿ ನಿಂತದ್ದು ಆ ಮಾತಿನ ಮೇಲೆ.

ಆದರೆ ಆ ಸಂಜೆ ಯಜಮಾನಿಯ ಸಿಟ್ಟು ಇಳಿಯಲಿಲ್ಲ. "ಸೊಪ್ಪು ಅರದು ಹಚ್ಕೊಂಡ್ರ ಹಚ್ಕೊಳ್ರಿ, ಬಿಟ್ರ ಬಿಡ್ರಿ. ನಾ ಯಾವಾಗ ನಿಮ್ಮ ತಿಂಡಿ ಕೇಳಿ ಇಸ್ಕೊಂಡೀನಿ? ಮುಂಜಾನಿಯಿಂದ ಒಬ್ಬಾಕಿನೂ ನನ್ನ ಕಟ್ಟಿ ಮ್ಯಾಲ ಕುಂದ್ರವಲ್ಲಳು!"

ಹಣ್ಣಾಗದ ಬಾಳೆ

ಕಮಲಾಪುರದ ರೈತರೊಬ್ಬರು ಮಗಳ ಮದುವೆಗೆ ಬಟ್ಟೆ ಹೊಲಿಸಲು ಬಂದರು. ಬರುವಾಗ ತಮ್ಮ ತೋಟದ ಒಂದು ಬಾಳೆಗೊನೆ ತಂದು ಅಂಗಡಿಯಲ್ಲಿಟ್ಟರು. ಹಣ್ಣುಗಳ ಬಣ್ಣ ನೋಡಿದೆ, ಕೆಂಪಗೆ, ಇಟ್ಟಿಗೆಯ ಹಾಗೆ. ಕಾಯಿಯ ಹಸಿರೂ ಅಲ್ಲ, ಹಣ್ಣಿನ ಹಳದಿಯೂ ಅಲ್ಲ. ಇನ್ನೂ ಸಮಯ ಬೇಕು ಎಂದುಕೊಂಡು ಮನೆಯ ಮೂಲೆಯಲ್ಲಿ ಹುಲ್ಲು ಹಾಸಿ ಗೊನೆ ಮುಚ್ಚಿಟ್ಟೆ.

ದಿನಾ ಬೆಳಿಗ್ಗೆ ತೆಗೆದು ನೋಡುವುದು, ಮತ್ತೆ ಮುಚ್ಚುವುದು. ಮನೆಯೆಲ್ಲ ಘಮಘಮ. ಹೆಂಡತಿ, "ವಾಸನೆ ಬರ್ತಿದೆಯಲ್ಲ, ಒಂದು ತಿಂದು ನೋಡೋಣ," ಅಂದರೂ ನಾನು ಬಿಡಲಿಲ್ಲ. "ಕಾಯಿ ತಿಂದರೆ ನಿನಗೆ ಉಬ್ಬಸ ಏಳುತ್ತೆ. ಹಳದಿ ಆಗಲಿ."

ಹದಿನೈದು ದಿನ ಬಿಟ್ಟು ರೈತರು ಬಟ್ಟೆ ಒಯ್ಯಲು ಬಂದರು. ಜೊತೆಗೆ ಅವರ ಮುದಿ ತಂದೆ.

"ಬಾಳಿಹಣ್ಣು ಹ್ಯಾಂಗಿದ್ದವ್ರೀ?"

"ಇನ್ನೂ ಹಣ್ಣಾಗಿಲ್ಲ ಸ್ವಾಮಿ. ಕೆಂಪಗಿದ್ದದ್ದು ಈಗ ಕಪ್ಪಗಾಗ್ತಾ ಇದೆ. ಹಳದಿ ಮಾತ್ರ ಆಗ್ತಾನೇ ಇಲ್ಲ."

ರೈತರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಕಮಲಾಪುರದ ಬಾಳೆ ಹಣ್ಣಾದ ಮೇಲೂ ಕೆಂಪಗೇ ಇರುತ್ತದೆ, ಅದೇ ಅದರ ಹೆಚ್ಚುಗಾರಿಕೆ ಎಂದು ಆಮೇಲೆ ಮೆತ್ತಗೆ ತಿಳಿಸಿ ಹೇಳಿದರು. ಮುದುಕರು ಮಾತ್ರ ನಗಲಿಲ್ಲ. ಕೋಲೂರಿಕೊಂಡು ಎದ್ದು, ನನ್ನ ಭುಜ ಮುಟ್ಟಿ ಹೇಳಿದರು. "ಕಾಯ್ರಿ, ಅವಸರ ಮಾಡಬ್ಯಾಡ್ರಿ. ನನಗ ಎಂಬತ್ತಾಗ್ಯಾವ, ನಾ ಇನ್ನೂ ನೋಡಿಲ್ಲ. ಹಳದಿ ಆದ ದಿನ ನನಗೊಂದು ಮಾತು ಹೇಳಿ ಕಳಸ್ರಿ."

ಕಮಲಾಪುರದ ಸಂತೆ

ಆ ರೈತರು ನಮ್ಮಿಬ್ಬರನ್ನೂ ಮದುವೆಗೆ ಕರೆದಿದ್ದರು. ಎತ್ತಿನ ಬಂಡಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಧೂಳು. ಬೆಂಗಳೂರಿನಲ್ಲಾಗಿದ್ದರೆ ಅದರ ಕಾಲುಭಾಗ ಧೂಳಿಗೆ ಹೆಂಡತಿ ಮೂರು ದಿನ ಮಲಗುತ್ತಿದ್ದಳು. ನನಗೆ ಜೀವ ಕೈಯಲ್ಲಿ. ಆಕೆಯೋ, ಎರಡು ಸಲ ಸೀನಿದಳು, ಅಷ್ಟೇ.

ಮದುವೆ ಮುಗಿದ ಮಾರನೆಯ ದಿನ ಸಂತೆ. ಬೇಸಿಗೆಗೆ ನೀರು ತಂಪಾಗಿಡುವ ದೊಡ್ಡ ಮಣ್ಣಿನ ರಂಜಣಗಿ ಕೊಳ್ಳಬೇಕೆಂದು ಆಕೆ ಗಡಿಗೆ ಮಾರುವವಳ ಮುಂದೆ ಕೂತಳು. ನಾನು ಎರಡು ಮಾರು ಹಿಂದೆ ನಿಂತೆ. ಆ ಗಡಿಗೆಯವಳು ಸಂತೆಯಲ್ಲೇ ಹೆಸರಾದವಳಂತೆ. ಆಕೆಯ ಬಾಯಿಗೆ ಹೆದರಿ ಜನ ಹೇಳಿದ್ದಷ್ಟು ಕೊಟ್ಟು ಹೋಗುತ್ತಿದ್ದರು.

ನನ್ನ ಹೆಂಡತಿ ಒಂದು ರಂಜಣಗಿಯನ್ನು ಬೆರಳಿನಿಂದ ತಟ್ಟಿದಳು. "ಇದು ಬಿರುಕು ಬಿಟ್ಟಿದೆ."

"ನಿನ್ನ ಕಣ್ಣು ಬಿರುಕು ಬಿಟ್ಟಾವ!" ಎಂದಳು ಗಡಿಗೆಯವಳು. "ನಾಕು ಊರಾಗ ತಿರುಗಿ ನೋಡು, ನನ್ನಂಥ ಗಡಿಗಿ ಸಿಕ್ಕರ ನನ್ನ ಹೆಸರು ತೆಗಿ!"

ಅಲ್ಲಿಂದ ಶುರುವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾದ ಮೇಲೆ ನನ್ನ ಹೆಂಡತಿ ಒಂದು ಉಸಿರಿನಲ್ಲಿ ನಾಲ್ಕು ಮಾತಿಗಿಂತ ಹೆಚ್ಚು ಆಡಿದ್ದನ್ನು ನಾನು ಕೇಳಿರಲಿಲ್ಲ. ಐದನೆಯ ಮಾತಿಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಕೆ ಬಾಯಿ ತೆರೆದರೆ ಸಾಕು, ನನಗೆ ಗೊತ್ತಿಲ್ಲದ ಹಾಗೆ ಬೆರಳು ಮಡಿಸಿ ಎಣಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಅವತ್ತೂ ಎಣಿಸಿದೆ.

"ಬಿರುಕಿಲ್ಲದ ಗಡಿಗೆ ತಟ್ಟಿದರೆ ಗಂಟೆ ಹಾಗೆ ನುಡಿಯುತ್ತೆ ನಿಮ್ಮದು ಹಲಗೆ ಬಡಿದ ಹಾಗಿದೆ ನೀರು ಹಾಕಿ ತೋರಿಸಿ ಒಂದು ಹನಿ ಸೋರದಿದ್ದರೆ ಕೇಳಿದ್ದಷ್ಟು ಕೊಡ್ತೀನಿ ಸೋರಿದರೆ ಏನು ಮಾಡ್ತೀರೋ ಈ ಜನರ ಮುಂದೆ ಈಗಲೇ ಹೇಳಿ..."

ಒಂದು ಕೈ ಬೆರಳು ಮುಗಿದವು. ಎರಡು ಕೈ ಮುಗಿದವು. ಆಕೆ ನಿಲ್ಲಲಿಲ್ಲ. ಕೆಮ್ಮಲಿಲ್ಲ. ಎದೆ ಹಿಡಿದುಕೊಳ್ಳಲಿಲ್ಲ. ಸುತ್ತ ಜನ ಸೇರಿದರು. ನೀರು ತಂದರು, ಹಾಕಿದರು, ಸೋರಿತು. ಆಕೆ ಆಗಲೂ ನಿಲ್ಲಲಿಲ್ಲ. ಗಡಿಗೆಯವಳು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಸಂದು ಸಿಗದೆ ಮುಚ್ಚಿದಳು. ಎಣಿಕೆ ತಪ್ಪಿತು. ನನಗೆ ಡಾಕ್ಟರ ಮಾತು, ಆ ಚಳಿಗಾಲಗಳು, ಗೋಡೆಗೆ ಒರಗಿದ ಆಕೆಯ ನೀಲಿಗಟ್ಟಿದ ತುಟಿ, ಎಲ್ಲ ಒಟ್ಟಿಗೆ ನೆನಪಾಯಿತು. ಆ ಉರಿಬಿಸಿಲಿನಲ್ಲಿ, ಸಂತೆಯ ನಡುವೆ, ಗಳಗಳನೆ ಅತ್ತುಬಿಟ್ಟೆ. ಆ ಬಿಸಿಲಿಗೆ ಕೈ ಮುಗಿದೆ.

ಯಾರೋ ನನ್ನ ಹೆಗಲ ಮೇಲೆ ಕೈ ಇಟ್ಟರು. ತಿರುಗಿದರೆ ದೊಡ್ಡ ರುಮಾಲು ಸುತ್ತಿದ ಮುದುಕರೊಬ್ಬರು.

"ನಿಮ್ಮ ಹೆಂಡ್ತೇನ್ರೀ?"

ಹೌದೆಂದು ತಲೆ ಆಡಿಸಿದೆ.

"ಅಳಬ್ಯಾಡ್ರಿ ಅಣ್ಣಾರ. ಮೊದಮೊದಲ ಹಂಗೇ ಆಗ್ತದ. ನಾನೂ ಹಿಂಗೇ ನಿಂತು ಅತ್ತೀನಿ. ಆಮ್ಯಾಲ ರೂಢಿ ಆಗ್ತದ."

"ಅದಕ್ಕಲ್ಲ ಅಜ್ಜ, ನನಗೆ ಸಂತೋಷವಾಗಿ ಅಳು ಬಂತು," ಎಂದೆ.

ಮುದುಕರು, ಬಾಯಿ ಮುಚ್ಚಿಕೊಂಡು ಕೂತಿದ್ದ ಗಡಿಗೆಯವಳ ಕಡೆ ಕೈ ತೋರಿಸಿದರು.

"ಆಕಿ ನನ್ನ ಹೆಂಡ್ತಿ. ಲಗ್ನ ಆಗಿ ನಲವತ್ತು ವರ್ಷಕ್ಕ ಇವತ್ತೇ ಆಕಿ ಸುಮ್ಮ ಕುಂತದ್ದು ನೋಡೀನಿ." ಮುದುಕರ ಕಣ್ಣಲ್ಲೂ ನೀರು. ಸಾಲಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ರಂಜಣಗಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಇದು ಪುಕ್ಕಟ ಒಯ್ರಿ. ನಿಮಗ ಕೈ ಮುಗೀತೀನಿ, ವಾರಾ ವಾರಾ ಈ ತಂಗೀನ ಸಂತಿಗಿ ಕರ್ಕೊಂಡು ಬರ್ರಿ."